ಸರ್ಕಾರಿ ಶಾಲೆ ನಡೆಸುವುದರಲ್ಲಿ ಪೋಷಕರಿಗೆ ಏನು ಅಧಿಕಾರ? ಎಸ್‌ಡಿಎಂಸಿ, ಎಸ್‌ಎಂಸಿ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಪ್ರತಿ ಸರ್ಕಾರಿ ಶಾಲೆಯಲ್ಲೂ ಒಂದು ನಡಾವಳಿ ಪುಸ್ತಕ ಇರುತ್ತದೆ. ತಿಂಗಳಿಗೊಮ್ಮೆ ಪೋಷಕರು, ಶಿಕ್ಷಕರು ಸೇರಿ ಆ ಪುಸ್ತಕದ ಮುಂದೆ ಕೂರಬೇಕು. ಎಷ್ಟು ಮಕ್ಕಳು ಶಾಲೆಗೆ ಬರುತ್ತಿದ್ದಾರೆ, ಬಿಟ್ಟವರು ಯಾರು, ಬಿಸಿಯೂಟ ಸರಿಯಾಗಿದೆಯೇ, ಬಂದ ಅನುದಾನ ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಚರ್ಚಿಸಿ ಬರೆದಿಡಬೇಕು. ಇದು ಯಾರೋ ಒಳ್ಳೆಯ ಮುಖ್ಯ ಶಿಕ್ಷಕರ ಇಷ್ಟಕ್ಕೆ ಬಿಟ್ಟ ವಿಚಾರವಲ್ಲ. ದೇಶದ ಕಾನೂನೇ ಹೀಗೆ ಹೇಳುತ್ತದೆ.

ಆದರೂ ಬಹಳಷ್ಟು ಊರುಗಳಲ್ಲಿ ಆ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ತಾವು ಸಮಿತಿಯ ಸದಸ್ಯರು ಎಂಬುದೇ ಗೊತ್ತಿಲ್ಲದ ಪೋಷಕರೂ ಇದ್ದಾರೆ. ಕರ್ನಾಟಕದಲ್ಲಿ ಎಸ್‌ಡಿಎಂಸಿ, ಬೇರೆ ರಾಜ್ಯಗಳಲ್ಲಿ ಎಸ್‌ಎಂಸಿ ಎಂದು ಕರೆಯುವ ಈ ಸಮಿತಿ ಏನು, ಅದರ ಅಧಿಕಾರ ಎಷ್ಟು, ಮುಂಬೈ, ದೆಹಲಿ, ಹೈದರಾಬಾದ್‌ನಲ್ಲಿರುವ ಕನ್ನಡಿಗ ಪೋಷಕರಿಗೆ ಇದರಿಂದ ಏನು ಉಪಯೋಗ, ಊರಿನ ಶಾಲೆಗೆ ಏನಾದರೂ ಮಾಡಬೇಕೆನ್ನುವವರು ಎಲ್ಲಿಂದ ಆರಂಭಿಸಬೇಕು? ವಿವರ ಇಲ್ಲಿದೆ.

ಏನಿದು ಸಮಿತಿ?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ 25ರಷ್ಟು ಸೀಟು ಕೊಡುವ ನಿಯಮದಿಂದಾಗಿ 'ಆರ್‌ಟಿಇ' ಎಂಬ ಹೆಸರು ಮನೆಮಾತಾಯಿತು. ಆದರೆ ಅದೇ ಕಾಯ್ದೆಯ ಸೆಕ್ಷನ್ 21ರ ಬಗ್ಗೆ ಮಾತು ಕಡಿಮೆ. ಪ್ರತಿ ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಶಾಲಾ ನಿರ್ವಹಣಾ ಸಮಿತಿ, ಅಂದರೆ ಎಸ್‌ಎಂಸಿ ಇರಲೇಬೇಕು ಎನ್ನುವುದು ಆ ಸೆಕ್ಷನ್. ನಗರಪಾಲಿಕೆ, ಜಿಲ್ಲಾ ಪರಿಷತ್ ಶಾಲೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸರ್ಕಾರದ ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಒಂದು ವ್ಯತ್ಯಾಸ ಗಮನಿಸಬೇಕು. ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅನುದಾನಿತ ಶಾಲೆಗಳಲ್ಲಿ ಮತ್ತು ಅಲ್ಪಸಂಖ್ಯಾತ ಸಮುದಾಯದ ಶಾಲೆಗಳಲ್ಲಿ ಸಮಿತಿಯ ಪಾತ್ರ ಸಲಹೆ ಕೊಡುವುದಕ್ಕೆ ಸೀಮಿತ. ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಸಮಿತಿಗೆ ಪೂರ್ಣ ಜವಾಬ್ದಾರಿ ಇದೆ.

ಕಾಯ್ದೆ 1ರಿಂದ 8ನೇ ತರಗತಿವರೆಗಿನ ಶಿಕ್ಷಣಕ್ಕೆ ಸಂಬಂಧಿಸಿದ್ದು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೇಂದ್ರದ ಶಿಕ್ಷಣ ಯೋಜನೆಗಳ ಅಡಿಯಲ್ಲಿ ಇಂಥದ್ದೇ ಪ್ರತ್ಯೇಕ ಸಮಿತಿಗಳು ರಚನೆಯಾಗಿವೆ.

ಕರ್ನಾಟಕದಲ್ಲಿ ಮೊದಲೇ ಇತ್ತು

ಹಳೆಯ ತಲೆಮಾರಿನವರಿಗೆ 'ಬೆಟರ್‌ಮೆಂಟ್ ಕಮಿಟಿ' ನೆನಪಿರಬಹುದು. ಊರಿನ ಪ್ರಮುಖರೇ ಅದರಲ್ಲಿ ಇರುತ್ತಿದ್ದರು. ಅವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಬೇಕು ಎಂದೇನೂ ಇರಲಿಲ್ಲ. ನಂತರ ಗ್ರಾಮ ಶಿಕ್ಷಣ ಸಮಿತಿಗಳು ಬಂದವು.

ವಿಜ್ಞಾನಿ ಡಾ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆ ಈ ವ್ಯವಸ್ಥೆ ಬದಲಿಸಲು ಶಿಫಾರಸು ಮಾಡಿತು. ಅದರಂತೆ ರಾಜ್ಯ ಸರ್ಕಾರ 2001ರ ಏಪ್ರಿಲ್ 28ರಂದು ಆದೇಶ ಹೊರಡಿಸಿ, ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚಿಸಲು ಸೂಚಿಸಿತು. ಅದೇ ಎಸ್‌ಡಿಎಂಸಿ. ಹಿಂದಿನ ಸಮಿತಿಗಳಿಗೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಒಂದೇ: ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆ, ತಾಯಿಯೇ ಸಮಿತಿಯ ಮುಖ್ಯ ಸದಸ್ಯರು. 2006ರಲ್ಲಿ ಸಮಿತಿಗಳಿಗೆ ಮಾದರಿ ಬೈಲಾ ಬಂತು. ಕೇಂದ್ರದ ಕಾಯ್ದೆ ಬರುವ ಸುಮಾರು ಒಂಬತ್ತು ವರ್ಷ ಮೊದಲೇ ಕರ್ನಾಟಕ ಈ ದಾರಿಯಲ್ಲಿ ಹೆಜ್ಜೆ ಇಟ್ಟಿತ್ತು.

ಯಾರೆಲ್ಲ ಇರುತ್ತಾರೆ?

ರಾಜ್ಯದಿಂದ ರಾಜ್ಯಕ್ಕೆ ಸದಸ್ಯರ ಸಂಖ್ಯೆ ಬೇರೆ. ಆದರೆ ಕಾಯ್ದೆಯ ಮೂಲ ಚೌಕಟ್ಟು ಎಲ್ಲೆಡೆ ಒಂದೇ.

• ಕನಿಷ್ಠ ನಾಲ್ಕನೇ ಮೂರು ಭಾಗ ಸದಸ್ಯರು ಪೋಷಕರೇ ಆಗಿರಬೇಕು.
• ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು.
• ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು.
• ಉಳಿದ ಸ್ಥಾನಗಳಲ್ಲಿ ಶಿಕ್ಷಕರು ಮತ್ತು ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳು ಇರಬೇಕು.

2010ರ ಕೇಂದ್ರ ನಿಯಮಗಳು ಇನ್ನಷ್ಟು ವಿವರ ಕೊಡುತ್ತವೆ. ಪೋಷಕರಲ್ಲದ ಸ್ಥಾನಗಳಲ್ಲಿ ಮೂರನೇ ಒಂದು ಭಾಗವನ್ನು ಸ್ಥಳೀಯ ಶಿಕ್ಷಣ ತಜ್ಞರಿಗೆ ಅಥವಾ ಶಾಲೆಯ ಮಕ್ಕಳಿಗೇ ಕೊಡಬಹುದು. ಯಾರಿಗೆ ಎಂದು ತೀರ್ಮಾನಿಸುವವರು ಸಮಿತಿಯ ಪೋಷಕರು. ಅಧ್ಯಕ್ಷ, ಉಪಾಧ್ಯಕ್ಷರನ್ನು ಪೋಷಕ ಸದಸ್ಯರ ಪೈಕಿಯೇ ಆರಿಸಬೇಕು. ಮುಖ್ಯ ಶಿಕ್ಷಕರು ಸಭೆ ಕರೆಯುವ ಸದಸ್ಯ ಸಂಚಾಲಕರು. ಎರಡು ವರ್ಷಕ್ಕೊಮ್ಮೆ ಸಮಿತಿಯನ್ನು ಹೊಸದಾಗಿ ರಚಿಸಬೇಕು.

ಉದಾಹರಣೆಗೆ ದೆಹಲಿಯ ಸರ್ಕಾರಿ ಶಾಲೆಗಳ ಎಸ್‌ಎಂಸಿಯಲ್ಲಿ 16 ಮಂದಿ ಇರುತ್ತಾರೆ. ಅವರಲ್ಲಿ 12 ಮಂದಿ ಪೋಷಕರು. 16 ಮಂದಿಯಲ್ಲಿ 8 ಸ್ಥಾನ ಮಹಿಳೆಯರಿಗೆ ಸಲ್ಲಬೇಕು. ಇದರರ್ಥ ಇಷ್ಟೇ: ಪೋಷಕರು ಒಟ್ಟಾಗಿ ನಿಂತರೆ ಸಭೆಯಲ್ಲಿ ಅವರ ಮಾತನ್ನು ಯಾರೂ ತಳ್ಳಿಹಾಕಲಾಗದು.

ಸಮಿತಿಯ ಕೆಲಸವೇನು?

ಕಾಯ್ದೆ ಮೂರು ಮುಖ್ಯ ಕೆಲಸಗಳನ್ನು ಹೆಸರಿಸುತ್ತದೆ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡಿಕೊಳ್ಳುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಮತ್ತು ಬಂದ ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು. ನಿಯಮಗಳು ಇದನ್ನು ದಿನನಿತ್ಯದ ಕೆಲಸಗಳಾಗಿ ಬಿಡಿಸಿ ಹೇಳುತ್ತವೆ.

• ಸುತ್ತಮುತ್ತಲಿನ ಎಲ್ಲ ಮಕ್ಕಳೂ ಶಾಲೆಗೆ ಸೇರಿ, ತಪ್ಪದೆ ಬರುವಂತೆ ನೋಡಿಕೊಳ್ಳುವುದು.
• ಶಿಕ್ಷಕರು ಸಮಯಕ್ಕೆ ಸರಿಯಾಗಿ ಬರುತ್ತಾರೆಯೇ, ಪೋಷಕರ ಸಭೆ ಕರೆದು ಮಕ್ಕಳ ಹಾಜರಾತಿ ಮತ್ತು ಕಲಿಕೆಯ ಬಗ್ಗೆ ತಿಳಿಸುತ್ತಾರೆಯೇ ಎಂದು ಗಮನಿಸುವುದು.
• ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸದಂತೆ ನೋಡಿಕೊಳ್ಳುವುದು.
• ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಗಳನ್ನು ಶಿಕ್ಷಕರ ಮೇಲೆ ಹೇರದಂತೆ ತಡೆಯುವುದು.
• ಅಂಗವಿಕಲ ಮಕ್ಕಳನ್ನು ಗುರುತಿಸಿ ಶಾಲೆಗೆ ಸೇರಿಸಿ, ಅವರಿಗೆ ಬೇಕಾದ ಸೌಲಭ್ಯ ಸಿಗುವಂತೆ ಮಾಡುವುದು.
• ಹೊಡೆತ, ಮಾನಸಿಕ ಕಿರುಕುಳ, ಪ್ರವೇಶ ನಿರಾಕರಣೆ ನಡೆದರೆ ಸ್ಥಳೀಯ ಪ್ರಾಧಿಕಾರದ ಗಮನಕ್ಕೆ ತರುವುದು.
• ಬಿಸಿಯೂಟದ ಮೇಲ್ವಿಚಾರಣೆ ಮಾಡುವುದು.
• ಶಾಲೆಯ ವಾರ್ಷಿಕ ಜಮಾ ಖರ್ಚಿನ ಲೆಕ್ಕ ತಯಾರಿಸುವುದು.

ಇದರಲ್ಲಿ ನಾಲ್ಕನೆಯ ಅಂಶವನ್ನು ಗಮನಿಸಬೇಕು. ಸಮಿತಿ ಎಂದರೆ ಶಿಕ್ಷಕರ ಮೇಲೆ ಕಾವಲು ಎಂಬ ಭಾವನೆ ಹಲವೆಡೆ ಇದೆ. ಸಮೀಕ್ಷೆ, ಆನ್‌ಲೈನ್ ದಾಖಲೆ, ಸಭೆಗಳ ನಡುವೆ ಪಾಠಕ್ಕೆ ಸಮಯ ಸಿಗದೆ ಒದ್ದಾಡುವ ಶಿಕ್ಷಕರ ಪರ ನಿಲ್ಲುವ ಅಧಿಕಾರವೂ ಇದೇ ಸಮಿತಿಗಿದೆ. 5ನೇ ತರಗತಿವರೆಗೆ 30 ಮಕ್ಕಳಿಗೊಬ್ಬರು, 6ರಿಂದ 8ರವರೆಗೆ 35 ಮಕ್ಕಳಿಗೊಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ ಕಾಯ್ದೆ. ಹುದ್ದೆ ಖಾಲಿ ಇದ್ದಾಗ ಮುಖ್ಯ ಶಿಕ್ಷಕರೊಬ್ಬರೇ ಬರೆಯುವ ಪತ್ರಕ್ಕಿಂತ ಪೋಷಕರ ಸಮಿತಿಯ ಠರಾವಿಗೆ ತೂಕ ಹೆಚ್ಚು. ಒಬ್ಬ ನೌಕರ ತನ್ನ ಇಲಾಖೆಗೆ ಹೇಳಲಾಗದ ಮಾತನ್ನು ಮತದಾರ ಪೋಷಕರು ಹೇಳಬಹುದು.

ಶಾಲಾ ಅಭಿವೃದ್ಧಿ ಯೋಜನೆ ಯಾಕೆ ಮುಖ್ಯ?

ಸಮಿತಿಯ ಕೈಯಲ್ಲಿರುವ ಅತಿ ಬಲವಾದ ಸಾಧನ ಇದು. ಕಾಯ್ದೆಯ ಸೆಕ್ಷನ್ 22ರ ಪ್ರಕಾರ ಪ್ರತಿ ಸರ್ಕಾರಿ ಶಾಲೆಯ ಸಮಿತಿ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕು. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಆ ಶಾಲೆಗೆ ಮಾಡುವ ಯೋಜನೆ, ಕೊಡುವ ಅನುದಾನಕ್ಕೆ ಅದೇ ಆಧಾರ.

ಇದು ಮೂರು ವರ್ಷದ ಯೋಜನೆ. ಪ್ರತಿ ವರ್ಷಕ್ಕೂ ಒಂದೊಂದು ಉಪಯೋಜನೆ ಇರುತ್ತದೆ. ಪ್ರತಿ ತರಗತಿಗೆ ಎಷ್ಟು ಮಕ್ಕಳು ಸೇರಬಹುದು, ಎಷ್ಟು ಶಿಕ್ಷಕರು ಹೆಚ್ಚುವರಿಯಾಗಿ ಬೇಕು, ಯಾವ ಕಟ್ಟಡ, ಸಲಕರಣೆ ಬೇಕು, ಅದಕ್ಕೆ ಹಣ ಎಷ್ಟು ಎಂಬ ಅಂದಾಜು ಅದರಲ್ಲಿರಬೇಕು. ಅಧ್ಯಕ್ಷರು ಮತ್ತು ಸಂಚಾಲಕರು ಸಹಿ ಮಾಡಿ ಹಣಕಾಸು ವರ್ಷ ಮುಗಿಯುವ ಮೊದಲು ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬೇಕು.

ಏನು ಕೇಳಬಹುದು ಎಂಬುದಕ್ಕೆ ಕಾಯ್ದೆಯ ಅನುಸೂಚಿಯೇ ಪಟ್ಟಿ ಕೊಟ್ಟಿದೆ. ಶಿಕ್ಷಕರೊಬ್ಬರಿಗೆ ಕನಿಷ್ಠ ಒಂದು ಕೊಠಡಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್, ಗ್ರಂಥಾಲಯ ಇರಬೇಕು. ವರ್ಷಕ್ಕೆ 1ರಿಂದ 5ನೇ ತರಗತಿಗೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಇವುಗಳಲ್ಲಿ ಯಾವುದು ಇಲ್ಲವೋ ಅದನ್ನು ಯೋಜನೆಯಲ್ಲಿ ಬರೆಯುವುದು ಬೇಡಿಕೆಯೂ ಹೌದು, ದಾಖಲೆಯೂ ಹೌದು. ಮುಂದೆ ಮೇಲಧಿಕಾರಿಗಳ ಬಳಿ ಹೋದಾಗ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ದುಡ್ಡು ಎಷ್ಟು ಬರುತ್ತದೆ, ಲೆಕ್ಕ ಯಾರು ಕೇಳಬೇಕು?

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಪ್ರತಿ ವರ್ಷ ಶಾಲಾ ಅನುದಾನ ಇದೆ. ಯೋಜನೆಯ ಮಾರ್ಗಸೂಚಿಯಂತೆ ಮಕ್ಕಳ ಸಂಖ್ಯೆಯ ಮೇಲೆ ಮೊತ್ತ ನಿಗದಿಯಾಗುತ್ತದೆ.

• 30 ಮಕ್ಕಳವರೆಗೆ 10,000 ರೂ.
• 31ರಿಂದ 100 ಮಕ್ಕಳಿಗೆ 25,000 ರೂ.
• 101ರಿಂದ 250 ಮಕ್ಕಳಿಗೆ 50,000 ರೂ.
• 251ರಿಂದ 1,000 ಮಕ್ಕಳಿಗೆ 75,000 ರೂ.
• 1,000ಕ್ಕಿಂತ ಹೆಚ್ಚಿದ್ದರೆ 1 ಲಕ್ಷ ರೂ.

ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಸೀಮೆಸುಣ್ಣ, ರಿಜಿಸ್ಟರ್, ವಿದ್ಯುತ್ ಬಿಲ್, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದರಲ್ಲೇ ಆಗಬೇಕಾದ್ದರಿಂದ ದೊಡ್ಡ ಮೊತ್ತವೇನೂ ಅಲ್ಲ. ದುಡ್ಡು ಕಡಿಮೆ ಇದ್ದಾಗಲೇ ಯಾವುದಕ್ಕೆ ಮೊದಲು ಎಂಬ ತೀರ್ಮಾನ ಮುಖ್ಯವಾಗುತ್ತದೆ. ನಲ್ಲಿ ಕೆಟ್ಟು ಹುಡುಗಿಯರು ಶೌಚಾಲಯಕ್ಕೆ ಹೋಗದೆ ದಿನ ಕಳೆಯುತ್ತಿರುವಾಗ ವೇದಿಕೆಗೆ ಬಣ್ಣ ಬಳಿಸಿದರೆ ಅದನ್ನು ಕೇಳುವವರು ತಾಯಂದಿರೇ ಆಗಬೇಕು.

ಸಮಿತಿಗೆ ಬರುವ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಆಗಬೇಕು. ವಾರ್ಷಿಕ ಲೆಕ್ಕಕ್ಕೆ ಅಧ್ಯಕ್ಷರು ಅಥವಾ ಉಪಾಧ್ಯಕ್ಷರು ಮತ್ತು ಸಂಚಾಲಕರು ಸಹಿ ಹಾಕಿ, ಒಂದು ತಿಂಗಳೊಳಗೆ ಸ್ಥಳೀಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಸಭೆಯ ನಡಾವಳಿ ಸಾರ್ವಜನಿಕರಿಗೆ ಸಿಗುವಂತಿರಬೇಕು. ಖಾಲಿ ಹಾಳೆಗೆ, ಖಾಲಿ ಚೆಕ್‌ಗೆ ಸಹಿ ಹಾಕುವ ಅಧ್ಯಕ್ಷರು ತಾವೇ ಹೊಣೆ ಹೊರಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಬಿಸಿಯೂಟದಲ್ಲಿ ಪೋಷಕರ ಪಾತ್ರ

ಮಕ್ಕಳ ತಟ್ಟೆಗೆ ಬೀಳುವ ಊಟಕ್ಕೂ ಲೆಕ್ಕವಿದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಗೆ 150 ಗ್ರಾಂ ಧಾನ್ಯ, 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರು ಶಿಕ್ಷಕರಾಗಿರಬೇಕು.

2015ರ ಬಿಸಿಯೂಟ ನಿಯಮಗಳ ಪ್ರಕಾರ ಶಾಲೆ ಇದ್ದ ದಿನ ಧಾನ್ಯ, ಗ್ಯಾಸ್ ಇಲ್ಲದೆಯೋ ಅಡುಗೆಯವರು ಬಾರದೆಯೋ ಊಟ ತಪ್ಪಿದರೆ, ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚಕ್ಕೆ ಸಮನಾದ ಆಹಾರ ಭದ್ರತಾ ಭತ್ಯೆಯನ್ನು ಮಕ್ಕಳಿಗೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಯಾರ ಲೋಪ ಎಂದು ರಾಜ್ಯ ಸರ್ಕಾರ ಪತ್ತೆ ಹಚ್ಚಿ ಕ್ರಮ ಕೈಗೊಳ್ಳಬೇಕು. ಈ ನಿಯಮ ಗೊತ್ತಿರುವ ಸಮಿತಿಗೂ ಗೊತ್ತಿಲ್ಲದ ಸಮಿತಿಗೂ ವ್ಯತ್ಯಾಸ ಕಾಣುವುದು ಮಕ್ಕಳ ಹೊಟ್ಟೆಯಲ್ಲಿ.

ಮಕ್ಕಳಿಗೂ ಮಾತಿದೆ

ಶಾಲೆಯ ಪಾಲುದಾರಿಕೆ ಎಂದಾಗ ಹಲವೆಡೆ ಮಕ್ಕಳೇ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಯಾವ ನಲ್ಲಿಯಲ್ಲಿ ನೀರಿಲ್ಲ, ಯಾವ ಕೊಠಡಿ ಸೋರುತ್ತದೆ, ಯಾವ ಗೆಳೆಯ ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಾನೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ. ಕರ್ನಾಟಕದ ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ, ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಮಕ್ಕಳು ಎತ್ತಿದ ಪ್ರಶ್ನೆಗಳನ್ನು ಮುಂದಿನ ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಗೆ ಸೇರಿಸಿದರೆ ಅವಕ್ಕೆ ಅರ್ಥ ಬರುತ್ತದೆ. ಇಲ್ಲದಿದ್ದರೆ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮವಾಗಿ ಮುಗಿಯುತ್ತದೆ. ಹೊಡೆತ, ಕಿರುಕುಳದಂಥ ಸಂಗತಿಯನ್ನು ಮಗು ಸಭೆಯಲ್ಲಿ ಹೇಳಲಾರದು. ಅದಕ್ಕೆ ದೂರು ಪೆಟ್ಟಿಗೆ ಇರಬೇಕು, ಅದನ್ನು ಪೋಷಕ ಸದಸ್ಯರ ಎದುರಲ್ಲೇ ತೆರೆಯಬೇಕು. ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಕಾನೂನಿದ್ದೂ ಸಮಿತಿಗಳು ಸೊರಗುವುದೇಕೆ?

ಇದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಹಾಗೂ 'ಪ್ರಥಮ್' ಸಂಸ್ಥೆಯ ರುಕ್ಮಿಣಿ ಬ್ಯಾನರ್ಜಿ ಮತ್ತಿತರರು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದರು. ಅದರ ವರದಿ 2010ರಲ್ಲಿ ಪ್ರಕಟವಾಯಿತು. ಗ್ರಾಮ ಶಿಕ್ಷಣ ಸಮಿತಿ ಎಂಬುದೊಂದು ಇದೆ ಎನ್ನುವುದೇ ಅಲ್ಲಿನ ಬಹುತೇಕ ಪೋಷಕರಿಗೆ ಗೊತ್ತಿರಲಿಲ್ಲ. ಸಮಿತಿಯ ಸದಸ್ಯರ ಪೈಕಿಯೇ ಕೆಲವರಿಗೆ ತಾವು ಸದಸ್ಯರೆಂದು ತಿಳಿದಿರಲಿಲ್ಲ. ಊರಿನಲ್ಲಿ ಸಭೆ ನಡೆಸಿ ಮಾಹಿತಿ ಕೊಟ್ಟರೂ ಸರ್ಕಾರಿ ಶಾಲೆಯ ಸ್ಥಿತಿ ಬದಲಾಗಲಿಲ್ಲ. ಆದರೆ ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಓದಿಸುವ ಶಿಬಿರ ನಡೆಸಿದಾಗ, ಅದಕ್ಕೆ ಬಂದ ಮಕ್ಕಳ ಓದು ಸುಧಾರಿಸಿತು.

ಕರ್ನಾಟಕ, ಮಧ್ಯಪ್ರದೇಶ ಮತ್ತು ಉತ್ತರ ಪ್ರದೇಶದಲ್ಲಿ ನಡೆದ ಇನ್ನೊಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ 340 ಹಳ್ಳಿಗಳಲ್ಲಿ ತಲಾ ಎಂಟು ಒಂಬತ್ತು ಸಾರ್ವಜನಿಕ ಸಭೆ ನಡೆಸಿ, ಶಾಲೆಯ ವಿಚಾರದಲ್ಲಿ ಜನರಿಗೆ ಇರುವ ಹಕ್ಕು, ಹೊಣೆಗಳನ್ನು ತಿಳಿಸಲಾಯಿತು. ಕೆಲವು ತರಗತಿಗಳಲ್ಲಿ ಕಲಿಕೆ ಸುಧಾರಿಸಿತು. ಎರಡು ರಾಜ್ಯಗಳಲ್ಲಿ ಶಿಕ್ಷಕರ ಶ್ರಮವೂ ಹೆಚ್ಚಿತು. ಸಮವಸ್ತ್ರ, ವಿದ್ಯಾರ್ಥಿವೇತನ, ಊಟ ತಲುಪುವುದರಲ್ಲೂ ಒಂದಿಷ್ಟು ಬದಲಾವಣೆ ಕಂಡಿತು.

ಎರಡೂ ಅಧ್ಯಯನಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಸಮಿತಿ ರಚಿಸಿ ಒಮ್ಮೆ ಸಭೆ ಕರೆದರೆ ಸಾಲದು ಎನ್ನುವುದು ಸ್ಪಷ್ಟ. ಒಂದೇ ವಿಷಯವನ್ನು ಮತ್ತೆ ಮತ್ತೆ ತಿಳಿಸಬೇಕು, ಜನರ ಕೈಗೆ ಮಾಡಬಹುದಾದ ಖಚಿತ ಕೆಲಸ ಕೊಡಬೇಕು.

ಅಧ್ಯಯನಗಳಾಚೆಗೆ ಕಣ್ಣಿಗೆ ಕಾಣುವ ಕಾರಣಗಳೂ ಇವೆ. ಸರ್ಕಾರಿ ಶಾಲೆಯ ಮಕ್ಕಳ ಪೋಷಕರಲ್ಲಿ ಬಹಳ ಮಂದಿ ದಿನಗೂಲಿಯವರು. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಅಂದಿನ ಕೂಲಿ ಹೋಗುತ್ತದೆ. ಸಭೆಗೆ ಬಂದರೂ ಅಕ್ಷರ ಬಾರದ ತಾಯಿ ಮೇಷ್ಟರ ಎದುರು ಮಾತಾಡಲು ಹಿಂಜರಿಯುತ್ತಾಳೆ. ಅಧ್ಯಕ್ಷ ಸ್ಥಾನಕ್ಕೆ ಊರಿನ ರಾಜಕೀಯ ಕೈ ಹಾಕುತ್ತದೆ. ಮಹಿಳಾ ಸದಸ್ಯೆಯ ಬದಲು ಗಂಡ ಬಂದು ಕೂರುತ್ತಾನೆ. ಕೊಂಚ ಅನುಕೂಲ ಇರುವವರು ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿರುವುದರಿಂದ, ಪ್ರಶ್ನೆ ಕೇಳುವ ಶಕ್ತಿ ಇರುವ ಪೋಷಕರ ಸಂಖ್ಯೆ ಕಡಿಮೆಯಾಗುತ್ತದೆ. ಇದಕ್ಕೆ ಹಲವು ಶಾಲೆಗಳು ಸರಳ ದಾರಿ ಕಂಡುಕೊಂಡಿವೆ: ಸಂಜೆ ಅಥವಾ ಸಂತೆ ಇಲ್ಲದ ರಜೆಯ ದಿನ ಸಭೆ ಇಡುವುದು, ವಿಷಯಪಟ್ಟಿಯನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸುವುದು, ಜಮಾ ಖರ್ಚನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವುದು, ನಡಾವಳಿಯನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳುವುದು.

ಹೊರರಾಜ್ಯದ ಕನ್ನಡಿಗ ಪೋಷಕರಿಗೆ

ಮುಂಬೈ ಮಹಾನಗರಪಾಲಿಕೆ ನಡೆಸುವ ಶಾಲೆಗಳ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಕಾಸರಗೋಡಿನಲ್ಲೂ ಕನ್ನಡ ಶಾಲೆಗಳಿವೆ. ಇವೆಲ್ಲ ಕೇಂದ್ರ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಮಹಾರಾಷ್ಟ್ರದಲ್ಲಿ ಈ ಸಮಿತಿಯನ್ನು 'ಶಾಳಾ ವ್ಯವಸ್ಥಾಪನ ಸಮಿತಿ' ಎನ್ನುತ್ತಾರೆ. ತಮಿಳುನಾಡಿನಲ್ಲಿ 2022ರಲ್ಲಿ ಶಾಲಾ ಸಮಿತಿಗಳನ್ನು ತಲಾ 20 ಸದಸ್ಯರೊಂದಿಗೆ ಹೊಸದಾಗಿ ರಚಿಸಲಾಯಿತು. ತೆಲಂಗಾಣದಲ್ಲಿ 2024ರಲ್ಲಿ ಮಹಿಳಾ ಸ್ವಸಹಾಯ ಸಂಘಗಳನ್ನು ಜೋಡಿಸಿಕೊಂಡು 'ಅಮ್ಮ ಆದರ್ಶ ಪಾಠಶಾಲಾ' ಸಮಿತಿಗಳನ್ನು ರಚಿಸಲಾಯಿತು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2016ರ ಜುಲೈ 30ರಂದು ಮೊದಲ ಬಾರಿಗೆ ಎಲ್ಲ ಶಾಲೆಗಳಲ್ಲೂ ಒಂದೇ ದಿನ ಪೋಷಕರು ಮತ್ತು ಶಿಕ್ಷಕರ ಬೃಹತ್ ಸಭೆ ನಡೆಯಿತು.

ಕನ್ನಡ ಮಾಧ್ಯಮದ ಶಾಲೆಗಳ ಪೋಷಕರಿಗೆ ಅಭಿವೃದ್ಧಿ ಯೋಜನೆ ಇನ್ನೂ ಮುಖ್ಯ. ಮಕ್ಕಳ ಸಂಖ್ಯೆ ಕಡಿಮೆ ಇದೆ ಎಂಬ ಕಾರಣಕ್ಕೆ ಶಿಕ್ಷಕರ ಹುದ್ದೆ ತುಂಬದಿರುವುದು, ಶಿಕ್ಷಕರಿಲ್ಲ ಎಂಬ ಕಾರಣಕ್ಕೆ ಮಕ್ಕಳು ಬೇರೆ ಶಾಲೆಗೆ ಹೋಗುವುದು, ಕೊನೆಗೆ ಶಾಲೆಯೇ ಮುಚ್ಚುವುದು ಎಂಬ ಸುಳಿಗೆ ಇಂಥ ಶಾಲೆಗಳು ಸಿಲುಕುತ್ತವೆ. ಸುತ್ತಲಿನ ಚಾಳ್, ಕಾಲೊನಿಗಳಲ್ಲಿ ಎಷ್ಟು ಕನ್ನಡ ಕುಟುಂಬಗಳಿವೆ, ಮುಂದಿನ ಮೂರು ವರ್ಷಗಳಲ್ಲಿ ಎಷ್ಟು ಮಕ್ಕಳು 1ನೇ ತರಗತಿಗೆ ಬರಬಹುದು ಎಂಬ ಲೆಕ್ಕವನ್ನು ಸ್ಥಳೀಯ ಕನ್ನಡ ಸಂಘದ ನೆರವಿನಿಂದ ಸಮಿತಿಯೇ ಮಾಡಿ ಯೋಜನೆಯಲ್ಲಿ ಸೇರಿಸಬಹುದು. ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕು ಎಂದು ಕಾಯ್ದೆಯ ಸೆಕ್ಷನ್ 29 ಹೇಳುತ್ತದೆ.

ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯಿಂದ ದುಡಿಯಲು ಪುಣೆ, ಮುಂಬೈ, ಹೈದರಾಬಾದ್‌ಗೆ ಬರುವ ಕುಟುಂಬಗಳಿಗೆ ನಾಲ್ಕು ಅಂಶ ಗೊತ್ತಿರಬೇಕು. ವರ್ಷದ ನಡುವೆ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತು ಎಂದು ಮಗುವನ್ನು ಹೊರಗಿಡುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲ ಎಂಬುದೂ ನಿರಾಕರಣೆಗೆ ಕಾರಣವಾಗದು. ಶಾಲೆ ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಸಮಿತಿಯಲ್ಲಿ ಒಬ್ಬ ಕನ್ನಡಿಗ ಪೋಷಕರಿದ್ದರೆ ಭಾಷೆ ಬಾರದೆ ಗೇಟಿನಿಂದಲೇ ಮರಳುವ ಇಂಥ ಕುಟುಂಬಕ್ಕೆ ದೊಡ್ಡ ಆಸರೆ.

ಊರಿನ ಶಾಲೆಗೆ ನೆರವು ನೀಡುವ ಮುನ್ನ

ಓದಿದ ಶಾಲೆಗೆ ಏನಾದರೂ ಕೊಡಬೇಕೆಂಬ ಆಸೆ ದೂರದ ಊರಿನಲ್ಲಿ ನೆಲೆಸಿದವರಿಗೆ ಸಹಜ. ಊರ ಹಬ್ಬಕ್ಕೆ ಹೋದಾಗ ಮುಖ್ಯ ಶಿಕ್ಷಕರ ಕೈಗೆ ಹಣ ಕೊಟ್ಟು ಬರುವುದಕ್ಕಿಂತ ಈ ಕ್ರಮ ಅನುಸರಿಸಿದರೆ ಕೊಟ್ಟದ್ದು ಸಾರ್ಥಕ.

• ಶಾಲೆಯ ಅಭಿವೃದ್ಧಿ ಯೋಜನೆ ಕೇಳಿ ನೋಡಿ. ಅದರಲ್ಲಿ ಇಲ್ಲದ ವಸ್ತು ಕೊಡುವ ಮೊದಲು ಸಮಿತಿಯೊಂದಿಗೆ ಮಾತಾಡಿ. ಕರೆಂಟ್ ನಿಲ್ಲದ ಶಾಲೆಗೆ ಕಂಪ್ಯೂಟರ್ ಕೊಟ್ಟರೆ ಅದು ಬೀರುವಿನಲ್ಲೇ ಉಳಿಯುತ್ತದೆ.
• ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಮಕ್ಕಳು, ಶಿಕ್ಷಕರು, ಸೌಲಭ್ಯದ ವಿವರ ಅದರಡಿ ದಾಖಲಾಗಿರುತ್ತದೆ.
• ಕೇಂದ್ರ ಶಿಕ್ಷಣ ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ 'ವಿದ್ಯಾಂಜಲಿ' ಪೋರ್ಟಲ್‌ನಲ್ಲಿ ಶಾಲೆಗಳು ತಮ್ಮ ಅಗತ್ಯ ಹೇಳಿಕೊಳ್ಳುತ್ತವೆ. ಪಾಠ ಹೇಳುವಂಥ ಸೇವೆಯನ್ನೂ, ಪುಸ್ತಕ, ಸಲಕರಣೆಯಂಥ ವಸ್ತುವನ್ನೂ ಅದರ ಮೂಲಕ ಕೊಡಬಹುದು.
• ಹಣ ಕೊಟ್ಟರೆ ಸಮಿತಿಯ ಖಾತೆಗೆ ಕೊಟ್ಟು ರಸೀದಿ ಪಡೆಯಿರಿ. ನಡಾವಳಿಯಲ್ಲಿ ದಾಖಲಾಗಿದೆಯೇ ಕೇಳಿ.
• ಹುಟ್ಟುಹಬ್ಬ, ಪುಣ್ಯತಿಥಿಯಂದು ಬಿಸಿಯೂಟಕ್ಕೆ ಹಣ್ಣು, ಸಿಹಿ ಸೇರಿಸಿ ಕೊಡಲು 'ತಿಥಿ ಭೋಜನ' ವ್ಯವಸ್ಥೆ ಇದೆ. ಅದು ಹೆಚ್ಚುವರಿ ಮಾತ್ರ, ಸರ್ಕಾರದ ಊಟಕ್ಕೆ ಬದಲಿಯಲ್ಲ.

ಕಟ್ಟಡ, ಶೌಚಾಲಯ, ಶಿಕ್ಷಕರನ್ನು ಒದಗಿಸುವುದು ಸರ್ಕಾರದ ಹೊಣೆ. ದಾನಿಗಳು ಸಿಗುತ್ತಾರೆಂದು ಆ ಬೇಡಿಕೆಯನ್ನು ಸಮಿತಿ ಕೈಬಿಡಬಾರದು. ದಾನಿ ಒಮ್ಮೆ ಬರುತ್ತಾರೆ, ಶಾಲೆ ವರ್ಷವಿಡೀ ನಡೆಯಬೇಕು.

ದೂರು ಎಲ್ಲಿ ಕೊಡಬೇಕು?

ಮೊದಲು ಸಮಿತಿಯ ಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಬೇಕು. ಪರಿಹಾರ ಸಿಗದಿದ್ದರೆ ಕಾಯ್ದೆಯ ಸೆಕ್ಷನ್ 32ರ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ದೂರಿನ ಬಗ್ಗೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಸಭೆಯ ನಡಾವಳಿ, ಖರ್ಚಿನ ವಿವರ ಕೊಡಲು ಶಾಲೆ ಹಿಂದೇಟು ಹಾಕಿದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವ ದಾರಿಯೂ ಇದೆ.

ಮುಂದಿನ ಸಭೆಯಲ್ಲಿ ಕೇಳಬೇಕಾದ ಐದು ಪ್ರಶ್ನೆಗಳು

• ನಮ್ಮ ಶಾಲೆಯ ಸಮಿತಿ ಯಾವಾಗ ರಚನೆಯಾಯಿತು, ಅದರ ಅವಧಿ ಯಾವಾಗ ಮುಗಿಯುತ್ತದೆ?
• ಕಳೆದ ಸಭೆಯ ತೀರ್ಮಾನಗಳಲ್ಲಿ ಎಷ್ಟು ಜಾರಿಯಾಗಿವೆ?
• ಈ ವರ್ಷದ ಅನುದಾನ ಎಷ್ಟು ಬಂದಿದೆ, ಎಷ್ಟು ಉಳಿದಿದೆ?
• ಒಂದು ವಾರಕ್ಕಿಂತ ಹೆಚ್ಚು ದಿನ ಶಾಲೆಗೆ ಬಾರದ ಮಕ್ಕಳು ಯಾರು, ಅವರ ಮನೆಗೆ ಯಾರು ಹೋಗಿದ್ದರು?
• ಮೂರು ವರ್ಷದ ಅಭಿವೃದ್ಧಿ ಯೋಜನೆಯ ಪ್ರತಿ ಎಲ್ಲಿದೆ?

ಈ ಐದಕ್ಕೂ ಉತ್ತರ ಪುಸ್ತಕದಲ್ಲಿ ಬರೆದಿದ್ದರೆ ಆ ಶಾಲೆಯಲ್ಲಿ ಪೋಷಕರು ನಿಜಕ್ಕೂ ಪಾಲುದಾರರು. ಒಂದಕ್ಕೂ ಉತ್ತರ ಇಲ್ಲದಿದ್ದರೆ ಅಂದಿನ ಸಭೆಯಿಂದಲೇ ಬರೆಸಲು ಆರಂಭಿಸಬಹುದು. ಅದಕ್ಕೆ ಅಧ್ಯಕ್ಷ ಸ್ಥಾನವಾಗಲಿ, ಹಣವಾಗಲಿ ಬೇಕಿಲ್ಲ. ಆ ಶಾಲೆಯಲ್ಲಿ ಓದುವ ಒಂದು ಮಗುವಿನ ತಾಯಿಯೋ ತಂದೆಯೋ ಆಗಿದ್ದರೆ ಸಾಕು.